ಪ್ರದಕ್ಷಿಣೆಯ ದಿಕ್ಕು ತಪ್ಪದಂತೆ: ಬೈಲಕುಪ್ಪೆಯ ಟಿಬೆಟನ್ನರ ಬದುಕು, ಕಲೆ ಮತ್ತು ಕ್ಯಾಮೆರಾ

ಬೈಲಕುಪ್ಪೆಯ ಫೋಟೊಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ತಪ್ಪಿದೆ. ಮುಖ ಈ ಕಡೆ ತಿರುಗಿದ್ದರೆ ಚೆಂದ ಅನ್ನಿಸಿ, ಎಡಿಟ್ ಮಾಡುವಾಗ ಚಿತ್ರವನ್ನು ಕನ್ನಡಿಯ ಬಿಂಬದ ಹಾಗೆ ಎಡಬಲ ಮಗುಚಿಬಿಡುತ್ತಾರೆ. ಬೇರೆ ಊರಿನ ಬೀದಿಯಾಗಿದ್ದರೆ, ಅಂಗಡಿ ಬೋರ್ಡು ಕಾಣದಿದ್ದರೆ, ಯಾರಿಗೂ ಗೊತ್ತಾಗುವುದಿಲ್ಲ. ಟಿಬೆಟನ್ನರು ಮಾತ್ರ ನೋಡಿದ ಕೂಡಲೇ ಹಿಡಿಯುತ್ತಾರೆ. ಭಿಕ್ಷುಗಳು ಮೇಲುವಸ್ತ್ರವನ್ನು ಎಡ ಹೆಗಲ ಮೇಲೆ ಹೊದೆಯುತ್ತಾರೆ, ಬಲತೋಳು ಬರಿದಾಗಿರುತ್ತದೆ. ಮಗುಚಿದ ಚಿತ್ರದಲ್ಲಿ ಇದು ತಿರುವುಮುರುವು. ಕೈಯಲ್ಲಿ ಹಿಡಿದು ತಿರುಗಿಸುವ ಪ್ರಾರ್ಥನೆಯ ಮಣಿಚಕ್ರ ಎಡಗೈಗೆ ಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಸ್ತೂಪದ ಸುತ್ತ ಪ್ರದಕ್ಷಿಣೆ ಬರುತ್ತಿದ್ದ ಅಜ್ಜಿ ಅಪ್ರದಕ್ಷಿಣೆ ಬರತೊಡಗುತ್ತಾರೆ. ಹಾಗೆ ಎಡಕ್ಕೆ ಸುತ್ತುವವರು ಟಿಬೆಟಿನದೇ ಇನ್ನೊಂದು ಧರ್ಮವಾದ ಬೋನ್ ಪಂಥದವರು. ಬೌದ್ಧ ಅಜ್ಜಿಯನ್ನು ಹಾಗೆ ತೋರಿಸುವುದು ಸುಳ್ಳು ಹೇಳಿದಂತೆ. ಅಪ್ರದಕ್ಷಿಣೆ ಯಾವ ಕಾರ್ಯಕ್ಕೆ ಎಂಬುದು ನಮಗೂ ಗೊತ್ತಿರುವುದರಿಂದ ಹೆಚ್ಚು ವಿವರಿಸಬೇಕಿಲ್ಲ.

ಇಲ್ಲಿ ಫೋಟೊ ತೆಗೆಯುವವರಿಗೆ ಲೆನ್ಸಿಗಿಂತ ಮೊದಲು ಬೇಕಾದ್ದು ಈ ಕ್ರಮದ ತಿಳಿವಳಿಕೆ. ಯಾವುದು ಮೊದಲು, ಯಾವುದು ಕೊನೆಗೆ, ಯಾವ ದಿಕ್ಕಿನಿಂದ, ಯಾವ ಕೈಯಿಂದ ಎಂಬುದು ಟಿಬೆಟನ್ನರ ಕಲೆಯಲ್ಲೂ ದಿನಚರಿಯಲ್ಲೂ ಗಟ್ಟಿಯಾಗಿ ನಿಗದಿಯಾಗಿದೆ. ಅದು ಗೊತ್ತಿದ್ದರೆ ಮುಂದಿನ ಕ್ಷಣ ಎಲ್ಲಿ ನಡೆಯುತ್ತದೆ ಎಂದು ಮೊದಲೇ ತಿಳಿದು ಅಲ್ಲಿ ಹೋಗಿ ಕೂರಬಹುದು. ಗೊತ್ತಿಲ್ಲದಿದ್ದರೆ ಬಂಗಾರದ ಬುದ್ಧ, ಕೆಂಪು ಬಟ್ಟೆಯ ಹುಡುಗರು, ಗಾಳಿಗೆ ಹಾರುವ ಬಾವುಟ, ಇಷ್ಟೇ ಸಿಗುವುದು.

ಪ್ರದಕ್ಷಿಣೆಯಿಂದಲೇ ಶುರು ಮಾಡೋಣ. ಸುತ್ತುವವರಿಗೆ ಸ್ತೂಪ ಯಾವಾಗಲೂ ಬಲಕ್ಕಿರುತ್ತದೆ. ನೀವು ಹೊರಗೆ ನಿಂತು ಸ್ತೂಪದ ಕಡೆ ನೋಡಿದರೆ ನಿಮ್ಮೆದುರು ಹಾದುಹೋಗುವವರು ಬಲದಿಂದ ಎಡಕ್ಕೆ ನಡೆಯುತ್ತಾರೆ, ಆದ್ದರಿಂದ ಫ್ರೇಮಿನ ಎಡಗಡೆ ಜಾಗ ಬಿಡಿ. ಮಣಿಚಕ್ರಗಳ ಗೋಡೆಗೆ ಬೆನ್ನು ಕೊಟ್ಟು ನಿಂತು ಹೊರಗೆ ನೋಡಿದರೆ ಎಡದಿಂದ ಬಲಕ್ಕೆ. ಬಲದಿಂದ ಎಡಕ್ಕೆ ಹೋಗುವ ನಡಿಗೆ ನಮ್ಮ ಕಣ್ಣಿಗೆ ಕೊಂಚ ಹಿಮ್ಮುಖ ಅನ್ನಿಸುವುದರಿಂದಲೇ ಅನೇಕರು ಚಿತ್ರ ಮಗುಚುವುದು. ಬೇಕಿದ್ದರೆ ನಿಲ್ಲುವ ಜಾಗ ಬದಲಿಸಿ, ಚಿತ್ರವನ್ನಲ್ಲ. ಎದುರಿನಿಂದ ಮುಖ ಬೇಕು ಅಂತ ಸುತ್ತುವವರಿಗೆ ಎದುರಾಗಿ ನಡೆದುಕೊಂಡು ಬರಬೇಡಿ. ಅವರ ದಿಕ್ಕಿನಲ್ಲೇ ಮುಂದೆ ಹೋಗಿ, ಒಂದು ಮೂಲೆಯಲ್ಲಿ ನಿಂತು, ಹಿಂದಿರುಗಿ ಕಾಯಿರಿ. ಬೆಳಿಗ್ಗೆ ಒಂದೇ ಅಜ್ಜ ಹತ್ತಾರು ಸುತ್ತು ಹಾಕುತ್ತಾರೆ. ಮೂರನೆಯ ಸುತ್ತಿನ ಹೊತ್ತಿಗೆ ನೀವು ಅಲ್ಲಿರುವುದನ್ನು ಅವರು ಮರೆತಿರುತ್ತಾರೆ.

ಜಾಗ ಮತ್ತು ಕಾಲ

ದಲೈ ಲಾಮಾ 1959ರಲ್ಲಿ ಭಾರತಕ್ಕೆ ಬಂದರು. ಮರುವರ್ಷ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. ಕಾಡು ಸವರಿ ಹೊಲ ಮಾಡಿದ ಆ ಮೊದಲ ತಲೆಮಾರಿನಲ್ಲಿ ಈಗ ಉಳಿದಿರುವವರು ತೀರಾ ಹಿರಿಯರು. ಕರ್ನಾಟಕದಲ್ಲಿ ಇಂಥ ಐದು ನೆಲೆಗಳಿವೆ. ಎರಡು ಬೈಲಕುಪ್ಪೆಯಲ್ಲೇ, ಉಳಿದವು ಮುಂಡಗೋಡು, ಹುಣಸೂರಿನ ಗುರುಪುರ, ಚಾಮರಾಜನಗರ ಜಿಲ್ಲೆಯ ಒಡೆಯರಪಾಳ್ಯ. ಪ್ರವಾಸಿಗರು ನೋಡುವ ಗೋಲ್ಡನ್ ಟೆಂಪಲ್ ಎಂದರೆ ನ್ಯಿಂಗ್ಮಾ ಪಂಥದ ನಾಮ್ಡ್ರೋಲಿಂಗ್ ಮಠ. ಆ ಪಂಥದ ಗುರು ಪೆನೋರ್ ರಿಂಪೋಚೆ ಇದನ್ನು ಕಟ್ಟಲು ಶುರು ಮಾಡಿದ್ದು 1963ರಲ್ಲಿ. ಸೆರಾ ಮತ್ತು ತಾಶಿ ಲ್ಹುನ್ಪೊ ಮಠಗಳೂ ಬೈಲಕುಪ್ಪೆಯಲ್ಲಿವೆ. ಗಂದೆನ್ ಮತ್ತು ಡ್ರೆಪುಂಗ್ ಇರುವುದು ಮುಂಡಗೋಡಿನಲ್ಲಿ. ಭಿಕ್ಷುಗಳು ಚಪ್ಪಾಳೆ ತಟ್ಟಿ ಪ್ರಶ್ನೋತ್ತರ ನಡೆಸುವ ತರ್ಕವಾದದ ಚಿತ್ರ ಬೇಕಾದವರು ಸೆರಾಕ್ಕೋ ಮುಂಡಗೋಡಿಗೋ ಹೋಗಬೇಕು, ಗೋಲ್ಡನ್ ಟೆಂಪಲ್ಲಿನ ಬಾಗಿಲಲ್ಲಿ ಕಾದರೆ ಸಿಗುವುದಿಲ್ಲ.

ವಿದೇಶಿ ಪಾಸ್‌ಪೋರ್ಟಿನ ಗೆಳೆಯರು ಜೊತೆಗಿದ್ದರೆ, ಅವರು ನೆಲೆಯೊಳಗೆ ರಾತ್ರಿ ತಂಗಲು ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು, ಬಹಳ ಮೊದಲೇ ಅರ್ಜಿ ಹಾಕಬೇಕು. ಭಾರತೀಯರಿಗೆ ಇದು ಬೇಡ. ಡ್ರೋನ್ ತರಬೇಡಿ.

ಕಾಲದ ಆಯ್ಕೆ ಮುಖ್ಯ. ಚಳಿಗಾಲ ಅಂದರೆ ಮಂಜು, ಹದವಾದ ಬಿಸಿಲು, ಒಳ್ಳೆಯ ಬೆಳಕು. ಆದರೆ ಅಕ್ಟೋಬರಿನಿಂದ ಜನವರಿಯವರೆಗೆ ಬಹಳಷ್ಟು ಕುಟುಂಬಗಳು ಸ್ವೆಟರ್ ಮಾರಲು ಬೇರೆ ಬೇರೆ ನಗರಗಳಿಗೆ ಹೋಗಿರುತ್ತವೆ. ಕ್ಯಾಂಪುಗಳಲ್ಲಿ, ಅಂದರೆ ನೆಲೆಯೊಳಗಿನ ಹಳ್ಳಿಗಳಲ್ಲಿ, ಆಗ ಮುದುಕರು, ಮಕ್ಕಳೇ ಹೆಚ್ಚು. ಆ ಖಾಲಿತನವೇ ವಿಷಯವಾದರೆ ಆಗ ಹೋಗಿ. ಮನೆ ತುಂಬಿರುವುದು ಬೇಕಾದರೆ ಟಿಬೆಟನ್ ಹೊಸವರ್ಷವಾದ ಲೋಸರ್ ಹೊತ್ತಿಗೆ, ಅಂದರೆ ಫೆಬ್ರುವರಿ ಅಥವಾ ಮಾರ್ಚಿನಲ್ಲಿ. ಚಾಂದ್ರಮಾನದ ಹಬ್ಬವಾದ್ದರಿಂದ ತಾರೀಖು ಪ್ರತಿ ವರ್ಷ ಬದಲಾಗುತ್ತದೆ. ಹಿಂದಿನ ವರ್ಷದ ತಾರೀಖು ನಂಬಿ ರೂಮು ಬುಕ್ ಮಾಡಬೇಡಿ. ಟಿಬೆಟನ್ ಪಂಚಾಂಗದ ನಾಲ್ಕನೇ ತಿಂಗಳಿನ ಹುಣ್ಣಿಮೆಗೆ ಬುದ್ಧನನ್ನು ನೆನೆಯುವ ಸಾಗಾ ದಾವಾ ಮೇ–ಜೂನ್ ಸುಮಾರಿಗೆ ಬರುತ್ತದೆ. ಜುಲೈ 6 ದಲೈ ಲಾಮಾ ಹುಟ್ಟುಹಬ್ಬ. ಮಾರ್ಚ್ 10 ಲ್ಹಾಸಾದ 1959ರ ದಂಗೆಯ ನೆನಪಿನ ದಿನ. ಅದರ ಬಗ್ಗೆ ಕೊನೆಗೆ ಬರುತ್ತೇನೆ.

ಮಳೆಗಾಲವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಬಿಡಬಾರದು. ಮೋಡದ ಬೆಳಕಿನಲ್ಲಿ ಮರೂನ್ ಬಣ್ಣ ಅದರ ನಿಜವಾದ ಆಳದಲ್ಲಿ ಕಾಣುತ್ತದೆ. ಮುಸುಕಿನ ಜೋಳದ ಹೊಲಗಳ ನಡುವೆ ಕೊಡೆ ಹಿಡಿದು ನಡೆಯುವ ಭಿಕ್ಷು, ಇದು ಕರ್ನಾಟಕದ ಟಿಬೆಟ್ಟೇ ಹೊರತು ಹಿಮಾಲಯದ್ದಲ್ಲ ಅಂತ ಒಂದೇ ಚಿತ್ರದಲ್ಲಿ ಹೇಳುತ್ತಾನೆ.

ಕೆಂಪು, ಬಂಗಾರ, ದೀಪ

ಡಿಜಿಟಲ್ ಕ್ಯಾಮೆರಾಗಳು ಇಲ್ಲಿ ಸೋಲುವುದು ಕೆಂಪಿನಲ್ಲಿ. ಬಿಸಿಲಿನಲ್ಲಿ ಭಿಕ್ಷುವಿನ ಬಟ್ಟೆ ತೆಗೆದರೆ ಮೂರೂ ಬಣ್ಣ ಸೇರಿದ ಹಿಸ್ಟೋಗ್ರಾಂ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಸರಿಯಾಗಿಯೇ ಕಾಣುತ್ತದೆ, ಆದರೆ ಕೆಂಪು ಚಾನೆಲ್ ಒಂದೇ ಬಲಗಡೆಯ ಗೋಡೆಗೆ ಬಡಿದಿರುತ್ತದೆ. ಬಟ್ಟೆಯ ಮಡಿಕೆಗಳು ಮಾಯವಾಗಿ ಕೆಂಪು ಬಳಿದ ಹಾಗಾಗುವುದು ಇದರಿಂದಲೇ. ಆರ್‌ಜಿಬಿ ಹಿಸ್ಟೋಗ್ರಾಂ ಆನ್ ಮಾಡಿಕೊಳ್ಳಿ. ಪಿಕ್ಚರ್ ಪ್ರೊಫೈಲ್ 'ನ್ಯೂಟ್ರಲ್'ನಲ್ಲಿರಲಿ, 'ವಿವಿಡ್' ಬೇಡವೇ ಬೇಡ. ಬಿಸಿಲಿನಲ್ಲಿ ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಇಲ್ಲವೇ ಅರ್ಧ) ಕಡಿಮೆ ಎಕ್ಸ್‌ಪೋಸ್ ಮಾಡಿ, ರಾ ಫೈಲಿನಲ್ಲೇ ತೆಗೆಯಿರಿ. ಎಡಿಟ್ ಮಾಡುವಾಗ ಮರೂನನ್ನು ಕಿತ್ತಳೆಯ ಕಡೆ ತಳ್ಳಬೇಡಿ. ಕಿತ್ತಳೆ ಮತ್ತು ಹಳದಿಗೆ ಇಲ್ಲಿ ಬೇರೆಯೇ ಅರ್ಥವಿದೆ: ಮರೂನ್ ದಿನನಿತ್ಯದ ಬಟ್ಟೆ, ಹಳದಿ ಮೇಲುವಸ್ತ್ರ ವಿಶೇಷ ಪೂಜೆಗೆ ಹೊದೆಯುವುದು.

ನಾಮ್ಡ್ರೋಲಿಂಗಿನ ದೊಡ್ಡ ಮಂದಿರದಲ್ಲಿ ಸುಮಾರು 60 ಅಡಿ ಎತ್ತರದ ಮೂರು ಬಂಗಾರ ಲೇಪದ ಮೂರ್ತಿಗಳಿವೆ. ನಡುವೆ ಶಾಕ್ಯಮುನಿ ಬುದ್ಧ, ಅಕ್ಕಪಕ್ಕ ಪದ್ಮಸಂಭವ ಮತ್ತು ಅಮಿತಾಯುಸ್. ಪಾದದ ಬುಡದಲ್ಲಿ ನಿಂತು ವೈಡ್ ಲೆನ್ಸ್ ಎತ್ತಿದರೆ ಮೂಗಿನ ಹೊಳ್ಳೆಯೇ ದೊಡ್ಡದಾಗುತ್ತದೆ. ಬಾಗಿಲ ಹತ್ತಿರಕ್ಕೆ ಹಿಂದೆ ಸರಿಯಿರಿ, 35 ಮಿ.ಮೀ. ಸಾಕು, ಸ್ಪಾಟ್ ಮೀಟರನ್ನು ಮುಖದ ಹೊಳಪಿನ ಮೇಲಿಟ್ಟು ಅಲ್ಲಿಂದ ಒಂದು ಸ್ಟಾಪ್ ಮೇಲಕ್ಕೆ ಹೋಗಿ. ಲೋಹದ ಮೇಲಿನ ಪ್ರತಿಫಲನವನ್ನು ಲೆನ್ಸಿಗೆ ಹಾಕುವ ಪೋಲರೈಸರ್ ಫಿಲ್ಟರ್ ಒಂದೇ ಕಡಿಮೆ ಮಾಡುವುದಿಲ್ಲ, ಅದನ್ನು ಹಾಕಿದರೆ ಬೆಳಕು ಸುಮ್ಮನೆ ನಷ್ಟ. ಈ ಚಿತ್ರ ಎಲ್ಲರ ಫೋನಿನಲ್ಲೂ ಇದೆ, ಬೇಗ ಮುಗಿಸಿ ಮುಂದೆ ಹೋಗಿ.

ಪೂಜೆಯ ಹೊತ್ತಿನಲ್ಲಿ ಒಳಗೆ ತೆಗೆಯಲು ಅನುಮತಿ ಕೇಳಲೇಬೇಕು, ಫ್ಲ್ಯಾಶ್ ಬೇಡ. ಸದ್ದಾಗಬಾರದೆಂದು ಸೈಲೆಂಟ್ ಶಟರ್ ಹಾಕುತ್ತೀರಿ, ಅಲ್ಲೊಂದು ತೊಡಕಿದೆ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಟ್ಯೂಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರಿನಲ್ಲಿ 1/250 ಸೆಕೆಂಡ್ ಇಟ್ಟರೆ ಚಿತ್ರದ ಉದ್ದಕ್ಕೂ ಕಪ್ಪು ಪಟ್ಟಿಗಳು ಬೀಳುತ್ತವೆ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಕಾಣುವುದಿಲ್ಲ, ಮನೆಗೆ ಬಂದ ಮೇಲೆ ಕಾಣುತ್ತದೆ. 1/50 ಅಥವಾ 1/100ಕ್ಕೆ ಅಂಟಿಕೊಳ್ಳಿ. ಅದಕ್ಕಿಂತ ವೇಗ ಬೇಕೇ ಬೇಕು ಅಂದರೆ ಮೆಕ್ಯಾನಿಕಲ್ ಶಟರ್ ಹಾಕಿ, ಕಹಳೆ–ನಗಾರಿ ಮೊಳಗುವಾಗ ಮಾತ್ರ ಒತ್ತಿ. ಆಗ ಶಟರಿನ ಸದ್ದು ಯಾರ ಕಿವಿಗೂ ಬೀಳುವುದಿಲ್ಲ.

ದೀಪದ ಕೋಣೆಯಲ್ಲಿ ಬೆಳಕಿನ ಬಣ್ಣದ ಅಳತೆ ಸುಮಾರು 1,900 ಕೆಲ್ವಿನ್. ಆಟೋ ವೈಟ್ ಬ್ಯಾಲೆನ್ಸ್ ಅದನ್ನು ಬಿಳಿ ಮಾಡಲು ಹೋಗಿ ಚರ್ಮವನ್ನು ಬೂದು ಮಾಡುತ್ತದೆ. ಕೈಯಿಂದಲೇ 2,800–3,000ಕ್ಕೆ ಇಟ್ಟರೆ ದೀಪದ ಬೆಚ್ಚನೆಯ ಬಣ್ಣ ಉಳಿಯುತ್ತದೆ, ಮುಖ ಮುಖದ ಹಾಗಿರುತ್ತದೆ. ನೂರಾರು ದೀಪಗಳ ಹೊಗೆಯಲ್ಲಿ ಎಣ್ಣೆಯ ಪಸೆ ಇರುತ್ತದೆ. ಅರ್ಧ ಗಂಟೆಯಲ್ಲಿ ಲೆನ್ಸಿನ ಮೇಲೆ ತೆಳುವಾದ ಪೊರೆ ಕಟ್ಟಿ ಚಿತ್ರದ ಕಾಂಟ್ರಾಸ್ಟ್ ಇಳಿಯುತ್ತದೆ. ಅಂಗಿಯ ತುದಿಯಿಂದ ಒರೆಸಿದರೆ ಅದು ಇನ್ನಷ್ಟು ಹರಡುತ್ತದೆ. ಮೊದಲೇ ಯುವಿ ಫಿಲ್ಟರ್ ಹಾಕಿಕೊಂಡಿದ್ದು, ಹೊರಗೆ ಬಂದ ಮೇಲೆ ಲೆನ್ಸ್ ದ್ರಾವಣ ಹಾಕಿ ಒರೆಸಿ.

ಥಂಕಾ ಬರೆಯುವವರ ಪಕ್ಕದಲ್ಲಿ

ನಿಜವಾಗಿ ಹೆಚ್ಚು ದಿನ ಕೊಡಬೇಕಾದ್ದು ಇಲ್ಲಿಗೆ. ಥಂಕಾ ಅಂದರೆ ಬಟ್ಟೆಯ ಮೇಲೆ ಬರೆದು, ಸುತ್ತಲೂ ಜರಿಬಟ್ಟೆಯ ಅಂಚು ಹೊಲಿದು, ಸುರುಳಿ ಸುತ್ತಿಡುವ ದೇವತಾ ಚಿತ್ರ. ಒಂದು ಮುಗಿಯಲು ವಾರಗಳಿಂದ ತಿಂಗಳುಗಳೇ ಹಿಡಿಯುತ್ತವೆ. ಒಂದೇ ಭೇಟಿಯಲ್ಲಿ ಕುಂಚ ಹಿಡಿದ ಕೈ ತೆಗೆದು ಹೊರಟರೆ ಅದು ಯಾವ ಹಂತ ಅಂತ ನಿಮಗೂ ತಿಳಿಯುವುದಿಲ್ಲ, ನೋಡುವವರಿಗೂ ತಿಳಿಯುವುದಿಲ್ಲ.

ಮೊದಲು ಹತ್ತಿಬಟ್ಟೆಯ ನಾಲ್ಕು ಅಂಚಿಗೂ ತೆಳುವಾದ ಕಡ್ಡಿಗಳನ್ನು ಹೊಲಿಯುತ್ತಾರೆ. ಅದನ್ನು ದೊಡ್ಡ ಮರದ ಚೌಕಟ್ಟಿನ ನಡುವೆ ಇಟ್ಟು, ಮಂಚಕ್ಕೆ ನವಾರು ಬಿಗಿದ ಹಾಗೆ ಹಗ್ಗದಿಂದ ಸುತ್ತಲೂ ಎಳೆದು ಕಟ್ಟುತ್ತಾರೆ. ಆಮೇಲೆ ಚರ್ಮದಿಂದ ಮಾಡಿದ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ, ಸೀಮೆಸುಣ್ಣದ ಪುಡಿ ಬೆರೆಸಿ, ಬಟ್ಟೆಯ ಎರಡೂ ಬದಿಗೆ ಬಳಿಯುತ್ತಾರೆ. ಒಣಗಿದ ಮೇಲೆ ಹಲಗೆಯ ಮೇಲಿಟ್ಟು ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ಬಳಿಯುವುದು, ಉಜ್ಜುವುದು ಹಲವು ಸಲ. ಅಂಟು ಹೆಚ್ಚಾದರೆ ಸುರುಳಿ ಸುತ್ತುವಾಗ ಚಿತ್ರ ಬಿರಿಯುತ್ತದೆ, ಕಡಿಮೆಯಾದರೆ ಬಣ್ಣ ಪುಡಿಯಾಗಿ ಉದುರುತ್ತದೆ. ಈ ಹಂತಕ್ಕೆ ಯಾರೂ ಕ್ಯಾಮೆರಾ ತೆಗೆಯುವುದಿಲ್ಲ. ಆದರೆ ಬೆಳಕಿಗೆ ಎದುರಾಗಿ ಹಿಡಿದ ಬರೀ ಬಿಳಿ ಬಟ್ಟೆ, ಅದರ ಹಿಂದೆ ಕಲ್ಲು ಆಡಿಸುವ ಕೈಯ ನೆರಳು, ಇಡೀ ಸರಣಿಯಲ್ಲೇ ಒಳ್ಳೆಯ ಚಿತ್ರ ಇದಾಗಬಲ್ಲದು. ಕಲ್ಲು ಉಜ್ಜಿದ ಜಾಗ ಹೊಳೆಯುತ್ತದೆ, ಉಳಿದದ್ದು ಮಂಕಾಗಿರುತ್ತದೆ. ಕಿಟಕಿಯ ಬೆಳಕು ಓರೆಯಾಗಿ ಬೀಳುವ ಕಡೆ ಕೂತರೆ ಆ ಗೆರೆ ಸ್ಪಷ್ಟವಾಗಿ ಸಿಗುತ್ತದೆ.

ಬಳಿಕ ಅಳತೆ. ನಡುವಿನ ಲಂಬರೇಖೆ ಮೊದಲು, ಅದರ ಮೇಲೆ ಚೌಕಗಳ ಜಾಲ. ಮೆನ್ರಿ ಎಂಬ ಚಿತ್ರಶೈಲಿಯಲ್ಲಿ ಬುದ್ಧನ ದೇಹಕ್ಕೆ 125 ಅಂಗುಲದ ಅಳತೆ, ಈ ಅಂಗುಲ ಚಿತ್ರದ ಗಾತ್ರಕ್ಕೆ ತಕ್ಕಂತೆ ಕುಗ್ಗುತ್ತದೆ, ಹಿಗ್ಗುತ್ತದೆ. ಪೆನ್ಸಿಲ್ ಗೆರೆ ಬಹಳ ತೆಳು. ಎದುರಿನಿಂದ ಬೆಳಕಿದ್ದರೆ ಕ್ಯಾಮೆರಾಗೆ ಕಾಣುವುದೇ ಇಲ್ಲ. ಅರ್ಧ ಸ್ಟಾಪ್ ಕಡಿಮೆ ಮಾಡಿ, ಮ್ಯಾಕ್ರೊ ಲೆನ್ಸಿನಲ್ಲಿ ಎಫ್/5.6ಕ್ಕೆ ತೆಗೆಯಿರಿ.

ಬಣ್ಣ ದೂರದಿಂದ ಹತ್ತಿರಕ್ಕೆ ಬರುತ್ತದೆ. ಆಕಾಶ, ಬೆಟ್ಟ, ಹುಲ್ಲು ಮೊದಲು. ದೇವತೆಯ ಮೈ ಆಮೇಲೆ. ಸಾಂಪ್ರದಾಯಿಕವಾಗಿ ನೀಲಿಗೆ ಅಜುರೈಟ್, ಹಸಿರಿಗೆ ಮ್ಯಾಲಕೈಟ್, ಕೆಂಪಿಗೆ ಇಂಗಲೀಕ, ಇವೆಲ್ಲ ಅರೆದ ಖನಿಜಗಳು. ಈಗ ಅಂಗಡಿಯ ಬಣ್ಣಗಳೂ ಬಳಕೆಯಲ್ಲಿವೆ, ಯಾವುದು ಅಂತ ಕೇಳಿ ಬರೆದುಕೊಳ್ಳಿ. ಸಪಾಟು ಬಣ್ಣದ ಮೇಲೆ ಛಾಯೆ, ಆಮೇಲೆ ಗೆರೆ, ಆಮೇಲೆ ಬಂಗಾರ. ಕಣ್ಣು ಕೊನೆಗೆ. ನಮ್ಮ ಶಿಲ್ಪಿಗಳು ಕಣ್ಣು ಬಿಡಿಸುವ ಹಾಗೆಯೇ, ಕಣ್ಣು ಬರೆದ ಮೇಲಷ್ಟೇ ಅದು ಮೂರ್ತಿ. ಆ ದಿನ ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಾರೆ, ಹತ್ತಿರದಲ್ಲಿ ಶಟರ್ ಸದ್ದು ಬೇಡ. 85 ಅಥವಾ 100 ಮಿ.ಮೀ. ಲೆನ್ಸಿನಲ್ಲಿ ಎರಡು ಮೀಟರ್ ದೂರದಿಂದ ಸೈಲೆಂಟ್ ಶಟರಿನಲ್ಲಿ ತೆಗೆಯಿರಿ. ಕಿಟಕಿಯ ಬೆಳಕಾದರೆ ಪಟ್ಟಿ ಬೀಳುವ ಭಯವಿಲ್ಲ.

ಕೂರುವ ಜಾಗದ ವಿಷಯ. ಬಲಗೈಯಲ್ಲಿ ಬರೆಯುವವರು ಕಿಟಕಿಯನ್ನು ಎಡಕ್ಕಿಟ್ಟುಕೊಂಡು ನೆಲದ ಮೇಲೆ ಕೂರುತ್ತಾರೆ, ಚೌಕಟ್ಟು ಮೊಣಕಾಲಿನ ಮೇಲೆ ಒರಗಿರುತ್ತದೆ. ನೀವು ಎಡಕ್ಕೆ ಹೋದರೆ ನಿಮ್ಮ ನೆರಳು ನೇರವಾಗಿ ಬಟ್ಟೆಯ ಮೇಲೆ ಬೀಳುತ್ತದೆ, ಕೆಲಸ ನಿಲ್ಲುತ್ತದೆ. ಬಲ ಹೆಗಲ ಹಿಂದೆ, ನೆಲದ ಮೇಲೆಯೇ ಕೂತುಕೊಳ್ಳಿ. ನಿಂತು ಕೆಳಗೆ ನೋಡುವ ಚಿತ್ರದಲ್ಲಿ ತಲೆಯೇ ಹೆಚ್ಚು, ಕೆಲಸ ಕಡಿಮೆ. ಛಾಯೆ ಹಾಕುವಾಗ ಕುಂಚದ ತುದಿಯನ್ನು ತುಟಿಗೆ ತಾಗಿಸಿ ಹದ ಮಾಡಿಕೊಳ್ಳುವವರಿದ್ದಾರೆ. ಕುಂಚ ಬಟ್ಟೆಯಿಂದ ತುಟಿಗೆ, ತುಟಿಯಿಂದ ಬಟ್ಟೆಗೆ ಹೋಗುತ್ತಲೇ ಇರುತ್ತದೆ. ಆ ಲಯ ಹಿಡಿದರೆ ಕುಂಚ ತುಟಿ ಮುಟ್ಟುವ ಹೊತ್ತಿಗೆ ಸರಿಯಾಗಿ ಬೆರಳು ಒತ್ತಬಹುದು.

ಬಂಗಾರವನ್ನು ಬಳಿದಾಗ ಅದು ಮಂಕು ಹಳದಿ. ಅಗೇಟಿನಂಥ ಗಟ್ಟಿ ಕಲ್ಲಿನ ತುದಿಯಿಂದ ತಿಕ್ಕಿದ ಗೆರೆಗಳು ಮಾತ್ರ ಹೊಳೆಯುತ್ತವೆ. ಹೀಗೆ ಮಂಕು ಬಂಗಾರದ ಮೇಲೆ ಹೊಳಪಿನ ಬಂಗಾರದಲ್ಲೇ ಬಳ್ಳಿಯೋ ಹೂವೋ ಬರೆಯುತ್ತಾರೆ. ನೇರ ಬೆಳಕಿನಲ್ಲಿ ಅವೆರಡೂ ಒಂದೇ. ಟಾರ್ಚನ್ನು ಬಟ್ಟೆಯ ಮಟ್ಟಕ್ಕೆ ತಂದು ಓರೆಯಾಗಿ ಹಿಡಿದರೆ ಬಳ್ಳಿ ಎದ್ದು ಬರುತ್ತದೆ.

ಮುಗಿದ ಥಂಕಾವನ್ನು ದಾಖಲೆಗಾಗಿ ತೆಗೆಯುವುದು ಬೇರೆಯೇ ಕೆಲಸ. ಎರಡು ದೀಪ, ಎರಡೂ ಕಡೆಯಿಂದ 45 ಡಿಗ್ರಿ, ದೀಪಗಳ ಬಣ್ಣ ಸರಿ ತೋರುವ ಸೂಚ್ಯಂಕ (ಸಿಆರ್‌ಐ) 95ಕ್ಕಿಂತ ಮೇಲಿರಲಿ. ಕ್ಯಾಮೆರಾ ಚಿತ್ರಕ್ಕೆ ಸಮಾನಾಂತರವಿದೆಯೇ ಅಂತ ನೋಡಲು ಚಿತ್ರದ ನಡುವಿನ ಎತ್ತರದಲ್ಲಿ, ಅದೇ ಸಮತಲದಲ್ಲಿ, ಚಿಕ್ಕ ಕನ್ನಡಿ ಹಿಡಿಸಿ (ಬಣ್ಣಕ್ಕೆ ತಾಗಿಸಬೇಡಿ). ನಿಮ್ಮ ಲೆನ್ಸಿನ ಬಿಂಬ ಫ್ರೇಮಿನ ಸರಿಯಾದ ನಡುವೆ ಕಂಡರೆ ಆಯಿತು. ಎಫ್/8, ಐಎಸ್‌ಒ 100, ಟ್ರೈಪಾಡ್, ಮೊದಲ ಫ್ರೇಮಿನಲ್ಲಿ ಕಲರ್ ಕಾರ್ಡ್. ಹೊಳಪು ತೊಡೆಯಲು ದೀಪಗಳ ಮುಂದೆ ಪೋಲರೈಸಿಂಗ್ ಹಾಳೆ, ಲೆನ್ಸಿನ ಮೇಲೆ ಪೋಲರೈಸರ್ 90 ಡಿಗ್ರಿ ತಿರುಗಿಸಿ ಹಾಕುವ ಪದ್ಧತಿ ಇದೆ. ಇದರಿಂದ ನೀಲಿ–ಹಸಿರು ಅದ್ಭುತವಾಗಿ ಬರುತ್ತವೆ, ಆದರೆ ಬಂಗಾರ ಕಂದು ಮಣ್ಣಿನ ಹಾಗೆ ಸಾಯುತ್ತದೆ. ಲೋಹದ ಹೊಳಪು ಇರುವುದೇ ಪ್ರತಿಫಲನದಲ್ಲಿ, ಅದನ್ನೇ ನೀವು ತಡೆದಿರುತ್ತೀರಿ. ಆದ್ದರಿಂದ ಟ್ರೈಪಾಡ್ ಅಲುಗಿಸದೆ ಎರಡು ಫ್ರೇಮ್ ತೆಗೆಯಿರಿ, ಒಂದು ಪೋಲರೈಸರ್ ತಡೆಯಲ್ಲಿ, ಇನ್ನೊಂದು ಅದನ್ನು ತಿರುಗಿಸಿ ಬಂಗಾರ ಮಿನುಗುವಲ್ಲಿ. ಹಿಂಬದಿಯನ್ನೂ ಕೇಳಿ ತೆಗೆಯಿರಿ. ದೇವತೆಯ ಹಣೆ, ಕಂಠ, ಎದೆಯ ನೇರಕ್ಕೆ ಹಿಂದೆ ಓಂ ಆಃ ಹೂಂ ಬರೆದಿರುತ್ತಾರೆ. ಮುಂದಿನ ರೇಷ್ಮೆ ಪರದೆಯನ್ನು ನೀವೇ ಎತ್ತಬೇಡಿ, ಮನೆಯವರು ಎತ್ತಲಿ. ಚಿತ್ರವನ್ನು ಹಂಚುವಾಗ ದೇವತೆಯ ಮುಖದ ಮೇಲೆ ವಾಟರ್‌ಮಾರ್ಕ್ ಹಾಕಬೇಡಿ.

ಮರಳಿನ ಮಂಡಲ

ಇದು ಬಣ್ಣದ ಮರಳಿನಲ್ಲಿ ಬಿಡಿಸಿ, ಕೊನೆಗೆ ಅಳಿಸಿಬಿಡುವ ಪವಿತ್ರ ಚಿತ್ರ. ಮಂಡಲಕ್ಕೆ ಮೊದಲು ಬಳಪ ಮೆತ್ತಿದ ದಾರ ಮಿಡಿದು ಗೆರೆ ಹಾಕುತ್ತಾರೆ. ಬಣ್ಣದ ಪುಡಿ ನಡುವಿನಿಂದ ಅಂಚಿಗೆ ಹೋಗುತ್ತದೆ. ಉದ್ದ ಮೂತಿಯ ಲೋಹದ ಕೊಳವೆಗೆ ಚಕ್ಪುರ್ ಅನ್ನುತ್ತಾರೆ, ಅದರ ಮೈಮೇಲೆ ಗೀರುಗಳಿರುತ್ತವೆ. ಇನ್ನೊಂದು ಕೊಳವೆಯಿಂದ ಗೀರನ್ನು ತಿಕ್ಕಿದಾಗ ನಡುಕಕ್ಕೆ ಮರಳು ಸಣ್ಣ ಧಾರೆಯಾಗಿ ಇಳಿಯುತ್ತದೆ. ಮೆಲ್ಲಗೆ ತಿಕ್ಕಿದರೆ ಹರಳು ಹರಳಾಗಿ, ಜೋರಾಗಿ ತಿಕ್ಕಿದರೆ ಗೆರೆಯಾಗಿ. ಧಾರೆಯನ್ನು ನಿಲ್ಲಿಸಿ ಹಿಡಿಯಲು 1/500 ಬೇಕು, ಮತ್ತು ಹಿನ್ನೆಲೆ ಕಪ್ಪಾಗಿರಬೇಕು. ಭಿಕ್ಷುವಿನ ಮರೂನ್ ತೋಳು ಹಿಂದೆ ಬರುವ ಹಾಗೆ ಬಾಗಿ, ಆಗ ಬಿಳಿ ಮರಳು ಎದ್ದು ಕಾಣುತ್ತದೆ.

ಇಲ್ಲಿ ಆಗುವ ಅನಾಹುತಗಳೆಲ್ಲ ಬೀಳುವ ವಸ್ತುಗಳಿಂದ. ಲೆನ್ಸ್ ಕ್ಯಾಪ್, ಹುಡ್, ಅಂಗಿ ಜೇಬಿನ ಪೆನ್ನು, ಕತ್ತಿನಿಂದ ಜೋತುಬಿದ್ದ ಎರಡನೇ ಕ್ಯಾಮೆರಾ. ಬಾಗುವ ಮುಂಚೆ ಇವನ್ನೆಲ್ಲ ಬ್ಯಾಗಿಗೆ ಹಾಕಿ, ಬ್ಯಾಗನ್ನು ಬಾಗಿಲ ಹತ್ತಿರ ಇಡಿ. ಕ್ಯಾಮೆರಾದ ಸ್ಟ್ರ್ಯಾಪನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ. ಮರಳು ಹಾರಬಾರದೆಂದು ಫ್ಯಾನ್ ಹಾಕಿರುವುದಿಲ್ಲ, ಹಣೆಯ ಬೆವರು ತೊಟ್ಟಿಕ್ಕುತ್ತದೆ. ಕರವಸ್ತ್ರ ಕಟ್ಟಿಕೊಳ್ಳಿ, ಮಾಸ್ಕ್ ಹಾಕಿಕೊಳ್ಳಿ. ಮಂಡಲದ ಮೇಲೆ ಕ್ಲ್ಯಾಂಪು, ಕೋಲು, ಏನನ್ನೂ ಚಾಚಬೇಡಿ. ಮೇಲಿನಿಂದ ಬೇಕಾದರೆ ಮೊದಲ ಮಹಡಿಯ ರೇಲಿಂಗಿನ ಬಳಿ ಟ್ರೈಪಾಡ್ ಕಟ್ಟಿ.

ಟೈಂಲ್ಯಾಪ್ಸ್ ಮಾಡುವವರಿಗೆ ಲೆಕ್ಕ: ದಿನಕ್ಕೆ 8 ಗಂಟೆ ಕೆಲಸ, ನಿಮಿಷಕ್ಕೊಂದು ಫ್ರೇಮ್ ಅಂದರೆ 480. ಐದು ದಿನಕ್ಕೆ 2,400 ಫ್ರೇಮ್. ಸೆಕೆಂಡಿಗೆ 25ರಂತೆ ಓಡಿಸಿದರೆ 96 ಸೆಕೆಂಡು, ಇದಕ್ಕಿಂತ ಉದ್ದ ಬೇಡ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರೂ ಮ್ಯಾನುಯಲ್. ಫೋಕಸ್ ರಿಂಗಿಗೆ ಟೇಪು. ರಾತ್ರಿ ಯಾರೋ ನೆಲ ಗುಡಿಸುವಾಗ ಟ್ರೈಪಾಡ್ ಒಂದು ಸೆಂಟಿಮೀಟರ್ ಸರಿದರೂ ಮರುದಿನದ ಚಿತ್ರ ಜಿಗಿಯುತ್ತದೆ, ಅದಕ್ಕೇ ಕಾಲುಗಳಿದ್ದ ಜಾಗಕ್ಕೆ ನೆಲದ ಮೇಲೆ ಟೇಪಿನಿಂದ ಗುರುತು ಹಾಕಿಡಿ.

ವಿಸರ್ಜನೆ ಮಾತ್ರ ನಿಮಿಷಗಳಲ್ಲಿ ಮುಗಿಯುತ್ತದೆ. ಮಂತ್ರ ಮುಗಿದು ಅಂಚಿನಿಂದ ನಡುವಿನ ಕಡೆ ಗೆರೆ ಎಳೆಯುತ್ತಾರೆ, ಆಮೇಲೆ ಕುಂಚದಿಂದ ಒಳಕ್ಕೆ ಗುಡಿಸುತ್ತಾರೆ. ಎಲ್ಲ ಬಣ್ಣ ಸೇರಿ ಬೂದು ಗುಡ್ಡೆಯಾಗುವ ಮೊದಲು, ಅರ್ಧ ಮಂಡಲ ಅರ್ಧ ಗುಡ್ಡೆಯಾಗಿರುವ ಕ್ಷಣವೇ ಬೇಕಾದ್ದು. 24 ಮಿ.ಮೀ. ಹಾಕಿಕೊಂಡು ಮೊದಲೇ ನಿಂತಿರಿ, ಲೆನ್ಸ್ ಬದಲಿಸಲು ಸಮಯವಿರುವುದಿಲ್ಲ. ಮರಳು ಹರಿಯುವ ನೀರಿಗೆ ಹೋಗುತ್ತದೆ.

ಚಪ್ಪಾಳೆ, ಹಿಟ್ಟು, ಮಗ್ಗ

ಸೆರಾದ ತರ್ಕವಾದದಲ್ಲಿ ಕೂತವರು ಉತ್ತರ ಹೇಳುವವರು, ನಿಂತವರು ಪ್ರಶ್ನೆ ಹಾಕುವವರು. ಪ್ರಶ್ನೆಯ ಕೊನೆಗೆ ದನಿ ಏರುತ್ತದೆ, ಬಲಗೈ ತಲೆಯ ಹಿಂದಕ್ಕೆ ಹೋಗುತ್ತದೆ, ಎಡಗಾಲು ಮೇಲೇಳುತ್ತದೆ. ಕಾಲು ನೆಲಕ್ಕೆ ಅಪ್ಪಳಿಸುವ ಹೊತ್ತಿಗೆ ಚಪ್ಪಾಳೆ. ಚಪ್ಪಾಳೆ ಕೇಳಿ ಒತ್ತಿದರೆ ತಡವಾಯಿತು, ಕಾಲು ಎದ್ದಾಗಲೇ ಒತ್ತಬೇಕು. 1/500, ಐದಾರು ಫ್ರೇಮಿನ ಬರ್ಸ್ಟ್. ಆದರೆ ನಿಂತವರ ಹಾರಾಟಕ್ಕಿಂತ ಕೂತವರ ಮುಖವೇ ಹೆಚ್ಚು ಹೇಳುತ್ತದೆ ಅಂತ ನಮ್ಮ ಅಭಿಪ್ರಾಯ. ಉತ್ತರ ಹುಡುಕುವ ಆ ಅರೆಗಳಿಗೆಯ ಮೌನ ಅಲ್ಲಿದೆ. ಫೋಕಸ್ ಅಲ್ಲಿಡಿ, ಚಪ್ಪಾಳೆಯ ಕೈಗಳು ಮುಂದೆ ಮಸುಕಾಗಿರಲಿ, ಅದಕ್ಕೆ 1/60 ಸಾಕು.

ಲೋಸರ್ ಮೂರನೇ ದಿನ ಹಳೆಯ ಬಾವುಟ ತೆಗೆದು ಹೊಸದು ಕಟ್ಟಿ, ಧೂಪ ಹಾಕಿ, ಸಾಂಪಾ ಅಂದರೆ ಹುರಿದ ಬಾರ್ಲಿ ಹಿಟ್ಟನ್ನು ಗಾಳಿಗೆ ಎಸೆಯುತ್ತಾರೆ. ಹಿಡಿಯನ್ನು ಒಂದೆರಡು ಸಲ ಮೇಲೆತ್ತಿ, ಕೊನೆಗೆ 'ಲ್ಹಾ ಗ್ಯಾಲೋ' ಅಂತ ಕೂಗಿ ಒಟ್ಟಿಗೆ ಎಸೆಯುತ್ತಾರೆ. ಬಿಸಿಲಿಗೆ ಎದುರಾಗಿ ನಿಂತರೆ ಹಿಟ್ಟು ಬೆಳಗುತ್ತದೆ. ಗಾಳಿಯ ಮೇಲ್ಗಡೆ ನಿಲ್ಲಿ, ಇಲ್ಲವಾದರೆ ಜೂಮ್ ಲೆನ್ಸಿನ ಸಂದಿಗೆ ಹಿಟ್ಟು ಹೋಗಿ ಕರಕರ ಅನ್ನುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕಣಕವಾಗಿಬಿಡುತ್ತದೆ. ಒಣ ಬ್ರಷ್ಷು, ಬ್ಲೋಯರ್. ಬಾವುಟಗಳ ಕ್ರಮ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಆಕಾಶ, ಗಾಳಿ, ಬೆಂಕಿ, ನೀರು, ಮಣ್ಣು. ಇದೂ ಮಗುಚಿದರೆ ತಪ್ಪುತ್ತದೆ.

ರತ್ನಗಂಬಳಿ ನೇಯುವವರು ಈಗ ಕಡಿಮೆ. ಟಿಬೆಟನ್ ನೇಯ್ಗೆಯ ಗುರುತು ಅಡ್ಡಲಾಗಿ ಇಡುವ ಒಂದು ಸರಳು. ಉಣ್ಣೆಯನ್ನು ಸರಳಿನ ಮೇಲೆ ಸುತ್ತಿ ಸುತ್ತಿ ಸಾಲು ಮುಗಿಸಿ, ಬಡಿದು ಕೂರಿಸಿ, ಚಾಕುವಿನಿಂದ ಸುತ್ತುಗಳನ್ನು ಸೀಳಿದಾಗ ಸರಳು ಕಳಚಿ ಬರುತ್ತದೆ, ಜುಂಗು ನಿಲ್ಲುತ್ತದೆ. ಸೀಳುವ ಕ್ಷಣ ತೆಗೆಯಿರಿ. ಹಾಸಿನೆಳೆಗಳ ಹಿಂದಿನಿಂದ ಮುಖ ತೆಗೆಯುವಾಗ ಆಟೋಫೋಕಸ್ ದಾರಕ್ಕೇ ಸಿಕ್ಕಿಬೀಳುತ್ತದೆ, ಕೈಯಿಂದಲೇ ಫೋಕಸ್ ಮಾಡಿ.

ಕೇಳುವುದು, ಬರೆಯುವುದು, ಕೊಡುವುದು

ಹಿರಿಯರಲ್ಲಿ ಹಲವರಿಗೆ ಕನ್ನಡ ಬರುತ್ತದೆ. ಇಂಗ್ಲಿಷಿನಲ್ಲಿ ಶುರು ಮಾಡಬೇಡಿ. ಅಜ್ಜಿಗೆ 'ಮೊಮೊ ಲಾ', ಅಜ್ಜನಿಗೆ 'ಪೊಪೊ ಲಾ', ತಾಯಿಯ ವಯಸ್ಸಿನವರಿಗೆ 'ಅಮಾ ಲಾ', ಗುರುಗಳಿಗೆ 'ಗೆನ್ ಲಾ'. ಕೊನೆಯ ಆ 'ಲಾ' ನಮ್ಮ 'ಅವರೇ' ಇದ್ದ ಹಾಗೆ, ಬಿಡಬಾರದು. ಫೋಟೊ ತೆಗೆಯಬಹುದೇ ಅನ್ನಲು 'ಪರ್ ಗ್ಯಾಪ್ ನಾ ಡಿಗ್ ಗಿ ರೆಬೆ?'. ಪುಟ್ಟ ಭಿಕ್ಷುಗಳ ವಿಷಯದಲ್ಲಿ ಹುಡುಗ ಹೂಂ ಅಂದರೆ ಸಾಲದು, ಅವರ ಗುರುಗಳನ್ನು ಕೇಳಿ.

ಇವರನ್ನು ವಲಸಿಗರು ಅಂತ ಅಡಿಬರಹ ಬರೆಯಬೇಡಿ, ನಿರಾಶ್ರಿತರು. ಬಹಳಷ್ಟು ಜನರ ಬಳಿ ಇರುವುದು ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ. ಅದನ್ನು ಪ್ರೀತಿಯಿಂದ ತೋರಿಸಿದರೂ ನಂಬರು ಕಾಣುವ ಹಾಗೆ ತೆಗೆಯಬೇಡಿ. ಮಾರ್ಚ್ 10ರ ಮೆರವಣಿಗೆಯಲ್ಲಿ ಇನ್ನೂ ಎಚ್ಚರ. ಬಂಧುಗಳು ಟಿಬೆಟ್ಟಿನಲ್ಲೇ ಇರುವವರ ಮುಖ ಜಾಲತಾಣದಲ್ಲಿ ಬಂದರೆ ತೊಂದರೆ ಆಗುವುದು ಅಲ್ಲಿರುವವರಿಗೆ. ತೆಗೆಯುವುದಕ್ಕೆ ಒಪ್ಪಿಗೆ ಬೇರೆ, ಹಾಕುವುದಕ್ಕೆ ಒಪ್ಪಿಗೆ ಬೇರೆ, ಎರಡನ್ನೂ ಬಿಡಿಬಿಡಿಯಾಗಿ ಕೇಳಿ. ಹಾಕುವ ಮೊದಲು ಫೈಲಿನಿಂದ ಜಿಪಿಎಸ್ ಮಾಹಿತಿ ಅಳಿಸಿ. ಸಂಶಯವಿದ್ದರೆ ಬೆನ್ನು, ಕೈ, ಬಾವುಟ ಸಾಕು.

ಹೆಸರು ಬರೆದುಕೊಳ್ಳುವಾಗ ಎರಡೂ ಪದ ಬರೆದುಕೊಳ್ಳಿ. ದಲೈ ಲಾಮಾ ಹೆಸರಿಟ್ಟವರಿಗೆಲ್ಲ ಮೊದಲ ಪದ ತೆಂಜಿನ್. ಬರೀ 'ತೆಂಜಿನ್, ಬೈಲಕುಪ್ಪೆ' ಅಂತ ಬರೆದಿಟ್ಟರೆ ವರ್ಷದ ನಂತರ ಪ್ರಿಂಟ್ ಯಾರಿಗೆ ಕೊಡಬೇಕು ಅಂತ ನಿಮಗೇ ತಿಳಿಯುವುದಿಲ್ಲ. ನಿಮ್ಮ ನೋಟ್‌ಬುಕ್ಕಿಗೆ ಮಾತ್ರ ಕ್ಯಾಂಪಿನ ನಂಬರೂ ಇರಲಿ.

ಪ್ರಿಂಟ್ ಕೊಡಲೇಬೇಕು. 6×8 ಇಂಚು, ಮ್ಯಾಟ್ ಕಾಗದ. ಗ್ಲಾಸಿ ಕಾಗದ ಇಲ್ಲಿನ ಮಳೆಗಾಲದಲ್ಲಿ ಗಾಜಿಗೆ ಅಂಟಿಕೊಳ್ಳುತ್ತದೆ. ದಲೈ ಲಾಮಾ ಚಿತ್ರವೋ ಥಂಕಾವೋ ಟಿಬೆಟನ್ ಅಕ್ಷರವೋ ಇರುವ ಪ್ರಿಂಟನ್ನು ತೋರಿಸುವಾಗ ನೆಲದ ಮೇಲೆ ಹರಡಬೇಡಿ, ದಾಟಬೇಡಿ; ಮೇಜಿನ ಮೇಲೆ ಅಥವಾ ಕೈಯಲ್ಲಿ. ಹಿಂದೆ ಮೃದುವಾದ ಪೆನ್ಸಿಲಿನಿಂದ ತಾರೀಖು ಬರೆಯಿರಿ, ಬಾಲ್‌ಪೆನ್ನಿನ ಒತ್ತು ಮುಂದೆ ಮೂಡುತ್ತದೆ. ಕೊಡುವಾಗ ಎರಡೂ ಕೈಯಲ್ಲಿ ಕೊಡಿ. ಎರಡು ಪ್ರತಿ ಒಯ್ದಿರಿ, ಸ್ವೆಟರ್ ಮಾರಲು ಹೋದ ಮಗನಿಗೆ ಕಳಿಸಲು ಒಂದು ಬೇಕಾಗುತ್ತದೆ.